ಸವಾರನಿಗೆ ಕೋಣೆ ಸರಿ, ಕುದುರೆಗೆ? ಸ್ವಂತ ಕುದುರೆಯೊಂದಿಗೆ ಕೊಡಗಿಗೆ ಬರುವವರು ತಂಗುವುದು ಹೇಗೆ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರಿಗೆ ಫೋನಿನಲ್ಲಿ ಬರುವ ಪ್ರಶ್ನೆಗಳು ಬಾಯಿಪಾಠವಾಗಿವೆ. ಬಿಸಿನೀರು ಇದೆಯಾ, ಪಂದಿಕರಿ ಮಾಡಿಕೊಡ್ತೀರಾ, ನಾಯಿ ಕರೆತರಬಹುದಾ, ಟೆಂಪೋ ಟ್ರಾವೆಲರ್ ಮನೆ ಬಾಗಿಲವರೆಗೆ ಬರುತ್ತಾ. ಈ ಸಾಲಿಗೆ ಅಪರೂಪಕ್ಕೆ ಇನ್ನೊಂದು ಸೇರುತ್ತದೆ: ‘ನಮ್ಮ ಎರಡು ಕುದುರೆಗಳೂ ಬರುತ್ತವೆ, ರಾತ್ರಿ ನಿಲ್ಲಿಸಲು ಜಾಗ ಇದೆಯಾ ಸರ್?’ ದನ ಮಾರಿ ಕೊಟ್ಟಿಗೆ ಖಾಲಿ ಬಿಟ್ಟವರು ‘ಬನ್ನಿ, ದೊಡ್ಡ ಕೊಟ್ಟಿಗೆಯೇ ಇದೆ’ ಎಂದುಬಿಡುತ್ತಾರೆ. ಕೊಟ್ಟಿಗೆ ಇಲ್ಲದವರು ‘ಕಾಫಿ ಕಣದ ಪಕ್ಕ ಕಟ್ಟಿದರಾಯ್ತು’ ಎನ್ನುತ್ತಾರೆ. ಎರಡೂ ಒಳ್ಳೆಯ ಮನಸ್ಸಿನ ಉತ್ತರಗಳೇ. ಆದರೆ ಬೆಳಗಾಗುವಷ್ಟರಲ್ಲಿ ಕುದುರೆ ಹೊಟ್ಟೆನೋವಿನಿಂದ ಹೊರಳಾಡುವ, ಇಲ್ಲವೇ ಕಾಲು ಸೀಳಿಕೊಂಡು ನಿಂತಿರುವ ಸಾಧ್ಯತೆ ಎರಡರಲ್ಲೂ ಇದೆ.

ಸ್ವಂತ ಕುದುರೆಯೊಂದಿಗೆ ರಜೆಗೆ ಹೋಗುವವರಿಗೆ ತಂಗಲು ಏನೇನು ಬೇಕು, ಕೊಡಗಿನ ಮಳೆ, ತೋಟ, ಆನೆಗಳ ನಡುವೆ ಅದು ಎಷ್ಟರಮಟ್ಟಿಗೆ ಆಗುವ ಮಾತು ಎಂಬುದನ್ನು ಕುದುರೆ ಸಾಕಿ ಗೊತ್ತಿಲ್ಲದವರಿಗೂ ತಿಳಿಯುವಂತೆ ನೋಡೋಣ.

## ಇದೆಂಥ ಪ್ರವಾಸ

ಊಟಿಯ ಕೆರೆ ದಂಡೆಯಲ್ಲಿ ಹತ್ತು ನಿಮಿಷ ಕುದುರೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು ಇದಲ್ಲ. ಅಲ್ಲಿ ಕುದುರೆ ಬೇರೆಯವರದ್ದು, ಅದರ ಊಟ ನಿದ್ದೆಯ ಚಿಂತೆಯೂ ಬೇರೆಯವರದ್ದೇ. ಇಲ್ಲಿ ಸವಾರ ತಾನು ದಿನವೂ ಸವಾರಿ ಮಾಡುವ, ಸ್ವಭಾವ ಬಲ್ಲ ಕುದುರೆಯನ್ನೇ ಲಾರಿಯಲ್ಲಿ ಹೇರಿಕೊಂಡು ಬರುತ್ತಾನೆ. ಬಂದವರು ಒಂದೇ ಮನೆಯಲ್ಲಿ ಮೂರು ನಾಲ್ಕು ದಿನ ಠಿಕಾಣಿ ಹೂಡಿ ಬೆಳಗ್ಗೆ ಹೊರಟು ಸಂಜೆ ಮರಳಬಹುದು. ಇಲ್ಲವೇ ಇಂದು ಒಂದು ಊರು, ನಾಳೆ ಮುಂದಿನ ಊರು ಎಂದು ಸವಾರಿಯಲ್ಲೇ ಸಾಗಿ, ಸಾಮಾನನ್ನು ಜೀಪಿನಲ್ಲಿ ಮುಂದಕ್ಕೆ ಕಳಿಸಬಹುದು. ಎರಡನೆಯದಕ್ಕೆ ದಾರಿಯುದ್ದಕ್ಕೂ ಕುದುರೆ ನಿಲ್ಲಿಸಬಲ್ಲ ಮನೆಗಳ ಸರಪಳಿಯೇ ಬೇಕು. ಕೊಡಗಿನಲ್ಲಿ ಸದ್ಯಕ್ಕೆ ಕೈಗೂಡುವಂಥದ್ದು ಮೊದಲನೆಯದು.

ಬ್ರಿಟನ್, ಐರ್ಲೆಂಡ್, ಫ್ರಾನ್ಸ್, ಜರ್ಮನಿಗಳಲ್ಲಿ ಈ ಬಗೆಯ ರಜೆ ಮಾಮೂಲು. ಹಳ್ಳಿಯ ತೋಟದ ಮನೆಗಳು ಮೇಲೆ ಸವಾರನಿಗೆ ಹಾಸಿಗೆ, ಹಿಂದೆ ಕುದುರೆಗೆ ಲಾಯ ಅಥವಾ ಬೇಲಿ ಹಾಕಿದ ಹುಲ್ಲುಗಾವಲು ಎಂದೇ ಬಾಡಿಗೆ ಹೇಳುತ್ತವೆ. ಇಂಗ್ಲೆಂಡಿನಲ್ಲಿ ನ್ಯೂ ಫಾರೆಸ್ಟ್, ಎಕ್ಸ್‌ಮೂರ್ ಕಡೆಗಳು ಇದಕ್ಕೆ ಹೆಸರುವಾಸಿ. ಅಲ್ಲಿನವರಿಗಿರುವ ಒಂದು ಅನುಕೂಲ ನಮಗಿಲ್ಲ: ‘ಬ್ರೈಡಲ್‌ವೇ’ ಎಂಬ ದಾರಿಗಳು. ಹೊಲ ಯಾರದ್ದೇ ಇರಲಿ, ಆ ದಾರಿಯಲ್ಲಿ ನಡೆದು ಹೋಗುವವರಿಗೂ ಕುದುರೆ ಸವಾರರಿಗೂ ಕಾನೂನಿನ ಹಕ್ಕಿದೆ. 1968ರಿಂದ ಸೈಕಲ್ಲಿಗೂ ಇದೆ. ಕೊಡಗಿನ ತೋಟದೊಳಗಿನ ದಾರಿಗಳು ಖಾಸಗಿ. ಅಲ್ಲಿ ಸವಾರಿ ನಡೆಯುವುದು ಮಾಲೀಕರ ಒಪ್ಪಿಗೆಯ ಮೇಲೆ.

ಇನ್ನು ಕುದುರೆ ತರುವವರು ಯಾರು ಎಂದರೆ, ದೂರದವರೇನಲ್ಲ. ಮೈಸೂರು, ಬೆಂಗಳೂರು ಎರಡರಲ್ಲೂ ರೇಸ್ ಕ್ಲಬ್ ಇವೆ, ಸುತ್ತಮುತ್ತ ರೈಡಿಂಗ್ ಶಾಲೆಗಳಿವೆ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳನ್ನು ಸವಾರಿಗೆಂದು ಕೊಂಡು ಸಾಕುವವರಿದ್ದಾರೆ. ಮಾರ್ವಾಡಿ, ಕಾಠಿಯಾವಾಡಿ ತಳಿ ಇಟ್ಟುಕೊಂಡವರೂ ಇದ್ದಾರೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆ ಸವಾರಿಗೆ ಎರಡು ಬೆಳ್ಳಿ ಗೆದ್ದದ್ದು ಹಲವರಿಗೆ ನೆನಪಿರಬಹುದು.

## ದನಕ್ಕೆ ಆದದ್ದು ಕುದುರೆಗೆ ಆಗದು

ಹೆಚ್ಚಿನ ಎಡವಟ್ಟುಗಳ ಬುಡ ಇಲ್ಲಿದೆ. ಎರಡೂ ಹುಲ್ಲು ತಿನ್ನುವ ಪ್ರಾಣಿಗಳೇ, ಆದರೆ ಹೊಟ್ಟೆಯ ಕಟ್ಟೋಣವೇ ಬೇರೆ. ದನಕ್ಕೆ ನಾಲ್ಕು ಕೋಣೆಗಳ ದೊಡ್ಡ ಹೊಟ್ಟೆ. ಗಬಗಬ ತಿಂದು ಆಮೇಲೆ ಮೆಲುಕು ಹಾಕುತ್ತದೆ. ಕುದುರೆಯ ಜಠರ ಅದರ ಗಾತ್ರಕ್ಕೆ ಹೋಲಿಸಿದರೆ ತೀರಾ ಚಿಕ್ಕದು, ಹಿಡಿಸುವುದು ಸುಮಾರು 8ರಿಂದ 15 ಲೀಟರ್ ಅಷ್ಟೇ. ಹಾಗಾಗಿ ಅದು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತಿನ್ನುತ್ತಲೇ ಇರಬೇಕು. ನಾರು ಜೀರ್ಣವಾಗುವುದು ಜಠರದಲ್ಲಲ್ಲ, ಅದರ ನಂತರದ ದೊಡ್ಡ ಕರುಳಿನಲ್ಲಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ.

ಆ ಸೂಕ್ಷ್ಮಜೀವಿಗಳ ಬಳಗವನ್ನು ದೋಸೆ ಹಿಟ್ಟಿನ ಹುದುಗಿನಂತೆ ಅಂದುಕೊಳ್ಳಿ. ದಿನವೂ ಅದೇ ಅಕ್ಕಿ, ಅದೇ ಉದ್ದು, ಅದೇ ಅಳತೆಯಾದರೆ ಹದವಾಗಿ ಉಬ್ಬುತ್ತದೆ. ಒಂದು ದಿನ ಏನನ್ನೋ ಬದಲಿಸಿದರೆ ಉಕ್ಕಿ ಪಾತ್ರೆಯಿಂದಾಚೆ ಬರುತ್ತದೆ. ಕುದುರೆಗೆ ಆಚೆ ಬರುವ ದಾರಿ ಇಲ್ಲ, ಏಕೆಂದರೆ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಗಾಳಿ ತುಂಬಿಕೊಂಡು, ಕರುಳು ಕಟ್ಟಿ ಅಥವಾ ತಿರುಚಿಕೊಂಡು ಬರುವ ಹೊಟ್ಟೆನೋವಿಗೆ ಕುದುರೆಯವರು ‘ಕಾಲಿಕ್’ ಎನ್ನುತ್ತಾರೆ. ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲ ಕಾಯಿಲೆ ಅದು.

ಆದ್ದರಿಂದ ಮೊದಲ ನಿಯಮ: ಸವಾರ ಮನೆಯಲ್ಲಿ ಹಾಕುವ ಮೇವನ್ನೇ ಮೂಟೆ ಕಟ್ಟಿ ತರಬೇಕು. 500 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕೆ.ಜಿ. ಒಣಹುಲ್ಲು ಬೇಕಾಗುತ್ತದೆ. ಜೊತೆಗೆ ಓಟ್ಸ್, ಬೂಸಾ, ನೆನೆಸಿದ ಕಡಲೆ ಅಥವಾ ಬೇಯಿಸಿದ ಹುರುಳಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಹೀಗೆ ಒಬ್ಬೊಬ್ಬರ ರೂಢಿ ಒಂದೊಂದು. ಮನೆಯವರು ಪ್ರೀತಿಯಿಂದ ‘ನಮ್ಮ ಹಸು ತಿನ್ನೋ ಹಿಂಡಿ ಇದೆ, ಒಂದು ಬಕೆಟ್ ಹಾಕಲಾ?’ ಎಂದರೆ ಕೈಮುಗಿದು ಬೇಡ ಎನ್ನಬೇಕು. ಪಶು ಆಹಾರ, ಕೋಳಿ ಆಹಾರಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧ ಸೇರಿಸಿರುತ್ತಾರೆ. ಹಸು, ಕೋಳಿಗಳಿಗೆ ಏನೂ ಆಗದ ಆ ಪದಾರ್ಥ ಸ್ವಲ್ಪವೇ ಹೊಟ್ಟೆಗೆ ಹೋದರೂ ಕುದುರೆಯ ಹೃದಯವನ್ನು ಹಾಳುಗೆಡವುತ್ತದೆ. ಭತ್ತದ ಹುಲ್ಲೂ ಹೊಟ್ಟೆತುಂಬ ತಿನ್ನಿಸುವಂಥದ್ದಲ್ಲ. ಒರಟು, ಸತ್ವ ಕಡಿಮೆ, ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮುಗ್ಗಲು ಹಿಡಿದ ಹುಲ್ಲು ಮಾತ್ರ ಯಾವ ಕಾರಣಕ್ಕೂ ಬೇಡ. ಅದರ ಬೂಷ್ಟಿನ ಧೂಳು ಕುದುರೆಯ ಶ್ವಾಸಕೋಶಕ್ಕೆ ಸೇರಿ ಉಬ್ಬಸ ತರುತ್ತದೆ. ಜುಲೈನಲ್ಲಿ ಅಟ್ಟದ ಮೇಲಿನ ಕಂಬಳಿಗೂ ಬೂಷ್ಟು ಬರುವ ನಾಡಿನಲ್ಲಿ ಹುಲ್ಲಿನ ಗತಿ ಹೇಳಬೇಕಾಗಿಲ್ಲ.

ನೀರು ದಿನಕ್ಕೆ 25ರಿಂದ 40 ಲೀಟರ್, ಬಿಸಿಲಲ್ಲಿ ಓಡಿಬಂದ ದಿನ ಇನ್ನೂ ಹೆಚ್ಚು. ವಿಚಿತ್ರವೆಂದರೆ ಹಲವು ಕುದುರೆಗಳು ಹೊಸ ಊರಿನ ನೀರನ್ನು ಮೂಸಿ ನೋಡಿ ಕುಡಿಯದೇ ಬಿಡುತ್ತವೆ. ಅನುಭವಸ್ಥರು ಹೊರಡುವ ಕೆಲವು ದಿನ ಮೊದಲೇ ಮನೆಯ ನೀರಿಗೆ ಚೂರು ಬೆಲ್ಲ ಹಾಕಿ ರುಚಿ ಹಿಡಿಸಿ, ಬಂದ ಜಾಗದಲ್ಲೂ ಅದೇ ರುಚಿ ಕೊಡುತ್ತಾರೆ. ನೀರು ಕುಡಿಯದ ಕುದುರೆಯ ಕರುಳು ಒಣಗುತ್ತದೆ, ಮತ್ತದೇ ಕಾಲಿಕ್.

## ಕೊಟ್ಟಿಗೆಯಲ್ಲಿ ಏನೇನು ನೋಡಬೇಕು

ಖಾಲಿ ಕೊಟ್ಟಿಗೆಯನ್ನು ಕುದುರೆಯ ಕಣ್ಣಿನಿಂದ ನೋಡುವುದು ಒಂದು ಕಲೆ. ಹಸುವಿನ ತಲೆ ನಮ್ಮ ಎದೆಮಟ್ಟಕ್ಕಿರುತ್ತದೆ. ಕುದುರೆ ಕತ್ತೆತ್ತಿ ನಿಂತರೆ ಅದರ ಕಿವಿ ಏಳೆಂಟು ಅಡಿ ಮುಟ್ಟುತ್ತದೆ, ಬೆಚ್ಚಿದರೆ ಇನ್ನೂ ಮೇಲೇಳುತ್ತದೆ. ತಗ್ಗಾದ ಹೆಂಚಿನ ಅಡ್ಡತೊಲೆ, ನೇತಾಡುವ ಬಲ್ಬು, ಗೋಡೆಗೆ ಹೊಡೆದ ಸುತ್ತುವೈರು, ಚೂಪು ಅಂಚಿನ ತಗಡಿನ ಶೀಟು: ಹಸು ಹತ್ತು ವರ್ಷ ಮುಟ್ಟದ ಈ ವಸ್ತುಗಳನ್ನು ಕುದುರೆ ಒಂದೇ ರಾತ್ರಿಯಲ್ಲಿ ಹುಡುಕಿಕೊಳ್ಳುತ್ತದೆ. ಗೋಡೆಯ ಮೇಲೆ ಅಂಗೈ ಆಡಿಸಿಕೊಂಡು ಒಂದು ಸುತ್ತು ಬರಬೇಕು. ಕೈಗೆ ಚುಚ್ಚಿದ್ದೆಲ್ಲ ಕುದುರೆಗೂ ಚುಚ್ಚುತ್ತದೆ.

ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಜಾಗ ಎಂಬುದು ಒಪ್ಪಿತ ಅಳತೆ. ಚಿಕ್ಕ ಜಾತಿಗೆ 10 ಅಡಿ ಸಾಕು. ಬಾಗಿಲು ನಾಲ್ಕು ಅಡಿ ಅಗಲವಾದರೂ ಇರಬೇಕು. ‘ಕುದುರೆ ನಿಂತೇ ನಿದ್ದೆ ಮಾಡುತ್ತದಲ್ಲ, ಅಷ್ಟು ಜಾಗ ಯಾಕೆ?’ ಎಂದು ಕೇಳುವವರಿದ್ದಾರೆ. ನಿಂತು ತೂಕಡಿಸುವುದು ನಿಜ, ಅದರ ಕಾಲಿನ ಕೀಲುಗಳಿಗೆ ಬೀಗ ಬೀಳುವ ಏರ್ಪಾಡಿದೆ. ಆದರೆ ಗಾಢ ನಿದ್ದೆಗೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಅದು ಮಲಗಲೇಬೇಕು. ಇಕ್ಕಟ್ಟಾದ ಜಾಗದಲ್ಲಿ ಮಲಗಿದ ಕುದುರೆ ಗೋಡೆಗೆ ಕಾಲು ಸಿಕ್ಕಿ ಏಳಲಾಗದೆ ಒದ್ದಾಡುತ್ತದೆ. ಕೆಲವೊಮ್ಮೆ ಕಾಲೂ ಮುರಿದುಕೊಳ್ಳುತ್ತದೆ.

ನೆಲ ಜಾರಬಾರದು. ನಯವಾದ ಸಿಮೆಂಟ್ ನೆಲದ ಮೇಲೆ ಕಬ್ಬಿಣದ ಲಾಳ ಹಾಕಿದ ಕುದುರೆಯನ್ನು ನಿಲ್ಲಿಸುವುದು ಅಪಾಯ. ಹೈನುಗಾರರು ಬಳಸುವ ರಬ್ಬರ್ ಮ್ಯಾಟ್ ಹಾಕಿ ಮೇಲೆ ಅರ್ಧ ಅಡಿ ಒಣ ಭತ್ತದ ಹುಲ್ಲು ಹಾಸಿದರೆ ಸೊಗಸಾಗುತ್ತದೆ. ಆದರೆ ಸಿಕ್ಕಿದ್ದನ್ನೆಲ್ಲ ಮೆಲ್ಲುವ ಹೊಟ್ಟೆಬಾಕ ಕುದುರೆಯಾದರೆ ಹಾಸಿಗೆಗೆ ಮರದ ಹೊಟ್ಟೇ ವಾಸಿ. ತೋಟದಲ್ಲಿ ರಾಶಿ ಬಿದ್ದಿರುವ ಕಾಫಿ ಹೊಟ್ಟನ್ನು ಹಾಸಲು ಹೋಗಬೇಡಿ. ಅದರಲ್ಲಿ ಕೆಫೀನ್ ಉಳಿದಿರುತ್ತದೆ, ಕುದುರೆ ಅದನ್ನೂ ಬಾಯಾಡಿಸುತ್ತದೆ. ಸ್ಪರ್ಧೆಗೆ ಹೋಗುವ ಕುದುರೆಯ ರಕ್ತದಲ್ಲಿ ಕೆಫೀನ್ ಸಿಗುವಂತಿಲ್ಲ.

ಅಗಳಿಯ ವಿಚಾರ ನಗೆಪಾಟಲಿನಂತೆ ಕಂಡರೂ ಅಲ್ಲ. ಕುದುರೆಯ ತುಟಿ ನಮ್ಮ ಬೆರಳಿನಷ್ಟೇ ಚುರುಕು. ಸಾದಾ ಚಿಲಕವನ್ನು ಅದು ಆಡುತ್ತಾಡುತ್ತಲೇ ತೆಗೆಯುತ್ತದೆ. ಮೇಲೊಂದು, ಅದರ ಬಾಯಿಗೆ ಎಟುಕದಂತೆ ಕೆಳಗೊಂದು, ಹೀಗೆ ಎರಡು ಚಿಲಕ ಹಾಕುವುದು ಲಾಯಗಳ ಪದ್ಧತಿ. ಜೋಡಿ ಕುದುರೆಗಳಾದರೆ ಒಂದಕ್ಕೊಂದು ಕಾಣುವಂತೆ ನಿಲ್ಲಿಸಬೇಕು. ಒಂಟಿಯಾದ ಕುದುರೆ ರಾತ್ರಿಯಿಡೀ ಕೆನೆಯುತ್ತದೆ. ಮೇಲಿನ ಕೋಣೆಯಲ್ಲಿ ಮಲಗಿದ ಬೇರೆ ಅತಿಥಿಗಳು ಬೆಳಗ್ಗೆ ಬರೆಯುವ ವಿಮರ್ಶೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಕೊಡಗಿನ ಚಳಿಯ ಬಗ್ಗೆ ಚಿಂತೆ ಬೇಡ. ಡಿಸೆಂಬರಿನ ನಸುಕು ನಮಗೆ ನಡುಕ ಹುಟ್ಟಿಸಿದರೂ ಕುದುರೆಗೆ ಹಿತವೇ. ಅದಕ್ಕಾಗದಿರುವುದು ಮಳೆ ನೆನೆದ ಮೈಗೆ ಬಡಿಯುವ ಗಾಳಿ ಮತ್ತು ಮುಚ್ಚಿದ ಕೊಟ್ಟಿಗೆಯ ಉಸಿರುಗಟ್ಟುವ ಮೂತ್ರದ ವಾಸನೆ. ಹಾಗಾಗಿ ಕಿಟಕಿ ಮುಚ್ಚಬೇಡಿ, ತೇವ ಬಿಡಬೇಡಿ.

ಬೆಳಗ್ಗೆ ಎದ್ದವರು ಮೊದಲು ನೋಡಬೇಕಾದದ್ದು ಲದ್ದಿ. ಆರೋಗ್ಯವಂತ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ, ಒಟ್ಟು 15ರಿಂದ 20 ಕೆ.ಜಿ. ರಾತ್ರಿಯಿಡೀ ಒಂದೂ ಬಿದ್ದಿಲ್ಲ, ಹುಲ್ಲು ಹಾಗೇ ಉಳಿದಿದೆ, ಕುದುರೆ ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದೆ, ಮುಂಗಾಲಿನಿಂದ ನೆಲ ಕೆರೆಯುತ್ತಿದೆ, ಬಿಸಿಲಿಲ್ಲದೆ ಬೆವರುತ್ತಿದೆ ಎಂದರೆ ಮೇವು ತೆಗೆದಿಟ್ಟು ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಬೇಕು. ಮನುಷ್ಯರ ಹೊಟ್ಟೆನೋವಿನ ಮಾತ್ರೆ ಕೊಡುವಂತಿಲ್ಲ.

## ತೋಟದ ಒಳಗಿನ ಅಪಾಯಗಳು

ಕಾಫಿ ತೋಟ ಹೊರಗಿನವರ ಕಣ್ಣಿಗೆ ನೆರಳಿನ ಸ್ವರ್ಗ. ಕುದುರೆ ಬಿಡುವ ಮುನ್ನ ಮಾತ್ರ ಗಿಡಗಳ ಪರಿಚಯ ಮಾಡಿಕೊಳ್ಳಬೇಕು. ಈಗ ಮನೆಮನೆಯ ಹಿತ್ತಲಲ್ಲೂ ಇರುವ ಬೆಣ್ಣೆಹಣ್ಣಿನ ಮರ ಕುದುರೆಗೆ ವಿಷ. ಎಲೆ, ತೊಗಟೆ, ಹಣ್ಣು ಯಾವುದೂ ಬೇಡ. ತಿಂದರೆ ಮೈ ಊದಿಕೊಳ್ಳುತ್ತದೆ, ಹೃದಯಕ್ಕೂ ಪೆಟ್ಟು. ಅಂಗಳದ ಅಂದಕ್ಕೆ ನೆಟ್ಟ ಕಣಗಿಲೆ ಇನ್ನೂ ಕೆಟ್ಟದ್ದು, ಕೆಲವೇ ಎಲೆಗಳು ಸಾಕು ಪ್ರಾಣಕ್ಕೆ. ಬೇಲಿಯ ಲಂಟಾನ, ಹರಳು ಬೀಜ ಇವುಗಳಿಂದಲೂ ದೂರ ಇಡಬೇಕು. ಕಳೆನಾಶಕ ಅಥವಾ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಸಿಂಪಡಿಸಿದ ಜಾಗದ ಹುಲ್ಲನ್ನು ಮೇಯಿಸಬಾರದು. ಎಲ್ಲಿ ಸಿಂಪಡಿಸಿದ್ದಾರೆ ಎಂಬುದನ್ನು ಮಾಲೀಕರಿಗಿಂತ ಚೆನ್ನಾಗಿ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬಲ್ಲರು, ಅವರನ್ನೇ ಕೇಳಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಹರಿದುಬರುವ ಕಂದು ನೀರು ಸೇರುವ ತೋಡಿನಲ್ಲಿ ನೀರು ಕುಡಿಸಬೇಡಿ.

ಎಲ್ಲಕ್ಕಿಂತ ಸಾಮಾನ್ಯ ಅಪಾಯ ಮುಳ್ಳುತಂತಿ. ಹಸು ಮುಳ್ಳು ಚುಚ್ಚಿದರೆ ಹಿಂದೆ ಸರಿಯುತ್ತದೆ. ಕುದುರೆಯ ಸ್ವಭಾವ ಓಟ. ಬೆದರಿದರೆ ಬೇಲಿಯನ್ನು ಹರಿದುಕೊಂಡೇ ಹೋಗುತ್ತದೆ, ಸಿಕ್ಕಿಕೊಂಡರೆ ಎಳೆದಾಡಿ ಮಾಂಸ ಕಿತ್ತುಕೊಳ್ಳುತ್ತದೆ. ಮೇಯಲು ಬಿಡುವ ಜಾಗದ ಒಳಗಡೆ ಬಿಳಿ ಪಟ್ಟಿಯ ವಿದ್ಯುತ್ ಬೇಲಿ ಹಾಕಿ ಮುಳ್ಳುತಂತಿಯಿಂದ ಕೆಲವು ಅಡಿ ದೂರ ಇಡುವುದು ಒಂದು ದಾರಿ.

ಕಟ್ಟುವುದಕ್ಕೂ ಕ್ರಮವಿದೆ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿಯ ಬುಡಕ್ಕೆ ಕಟ್ಟಿದರೆ ಬಳ್ಳಿ ಉಳಿಯುವುದಿಲ್ಲ, ಮಾಲೀಕರ ಸ್ನೇಹವೂ ಉಳಿಯುವುದಿಲ್ಲ. ಗೇಟಿಗೆ ಕಟ್ಟಿದರೆ ಗೇಟನ್ನೇ ಕಿತ್ತುಕೊಂಡು ಓಡಬಹುದು. ಅಲ್ಲಾಡದ ಕಂಬಕ್ಕೆ, ಕುದುರೆಯ ಭುಜದೆತ್ತರದಲ್ಲಿ, ತುದಿ ಎಳೆದರೆ ತಟ್ಟನೆ ಬಿಚ್ಚುವ ಗಂಟು ಹಾಕಬೇಕು.

ಹೂಮಳೆಯ ನಂತರ ತೋಟ ಬೆಳ್ಳಗೆ ಅರಳಿದಾಗ ಸವಾರಿ ಮಾಡುವ ಆಸೆ ಯಾರಿಗಿಲ್ಲ? ಆಗ ಜೇನುಗಳೂ ಅಲ್ಲೇ ಇರುತ್ತವೆ. ಹೆಜ್ಜೇನು ಕಟ್ಟಿದ ಮರದ ಬಳಿ ಕುದುರೆ ಒಯ್ಯದಿರುವುದು ಲೇಸು.

## ಆನೆ, ಕೋವಿ, ಕಾಡು

ದಕ್ಷಿಣ ಕೊಡಗಿನ ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಕಡೆ ಆನೆಗಳು ತೋಟದೊಳಗೇ ದಿನ ಕಳೆಯುತ್ತವೆ. ಹಲಸು ಹಣ್ಣಾಗುವ ಮೇ-ಜುಲೈ, ಭತ್ತ ತೆನೆಗಟ್ಟುವ ಅಕ್ಟೋಬರ್-ಡಿಸೆಂಬರ್ ಕಾಲದಲ್ಲಿ ಹಾವಳಿ ಹೆಚ್ಚು. ರೂಢಿಯಿಲ್ಲದ ಕುದುರೆ ಆನೆಯ ವಾಸನೆಗೇ ಕಂಗಾಲಾಗುತ್ತದೆ. ಕುಟ್ಟ, ಶ್ರೀಮಂಗಲ, ಬಾಳೆಲೆ ಕಡೆ ಹುಲಿ ದನ ಹಿಡಿದ ಸುದ್ದಿ ಹೊಸದಲ್ಲ. ಈ ಭಾಗಗಳಲ್ಲಿ ರಾತ್ರಿ ಕುದುರೆಯನ್ನು ಬಯಲಲ್ಲಿ ಬಿಡುವುದಾಗಲಿ ಕಟ್ಟುವುದಾಗಲಿ ಕೂಡದು. ಗಟ್ಟಿ ಗೋಡೆ, ಗಟ್ಟಿ ಬಾಗಿಲಿದ್ದರೆ ಮಾತ್ರ ಒಪ್ಪಿಕೊಳ್ಳಿ. ಬೆಳಗಿನ ಸವಾರಿ ಹೊರಡುವ ಮುನ್ನ ‘ನಿನ್ನೆ ರಾತ್ರಿ ಎಲ್ಲಿತ್ತು?’ ಎಂದು ಕಾರ್ಮಿಕರನ್ನು ಕೇಳಬೇಕು. ಯಾವುದು ಎಂದು ಅವರು ತಿರುಗಿ ಕೇಳುವುದಿಲ್ಲ.

ಸದ್ದಿನ ವಿಷಯ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಆನೆ ಓಡಿಸಲು ಪಟಾಕಿ ಸಿಡಿಸುತ್ತಾರೆ. ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗದ್ದೆಯಲ್ಲಿ ಗುಂಡು ಹಾರಿಸುವುದು ಪದ್ಧತಿ. ಸಾವಿನ ಮನೆಯಲ್ಲೂ ಗುಂಡಿನ ಸದ್ದು ಕೇಳುತ್ತದೆ. ಹಬ್ಬದ ದಿನ ಕುದುರೆ ಬರುವುದಿದ್ದರೆ ಮೊದಲೇ ತಿಳಿಸಿ. ಆ ಹೊತ್ತಿಗೆ ಕುದುರೆ ಒಳಗಿರಲಿ, ಮುಂದೆ ಹುಲ್ಲಿರಲಿ, ಪರಿಚಯದವರೊಬ್ಬರು ಪಕ್ಕದಲ್ಲಿರಲಿ.

ಕಾಡಿನ ಮಾತು ಚಿಕ್ಕದು: ಹೋಗುವಂತಿಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆ ಜಾನುವಾರು ಎಂದು ಹೇಳುವಾಗ ಕುದುರೆಯನ್ನೂ ಸೇರಿಸಿಯೇ ಹೇಳುತ್ತದೆ, ಲಸಿಕೆ ಹಾಕಿಸದ ಜಾನುವಾರನ್ನು ವನ್ಯಧಾಮದೊಳಗೆ ಒಯ್ಯುವುದನ್ನು ನಿಷೇಧಿಸುತ್ತದೆ. ಸಾಕುಪ್ರಾಣಿಯ ರೋಗ ಕಾಡುಪ್ರಾಣಿಗೆ ಅಂಟಬಾರದೆಂಬುದು ಇದರ ಹಿಂದಿನ ಕಾರಣ. ತಡಿಯಂಡಮೋಳ್ ಚಾರಣಕ್ಕೆ ಸಿಗುವ ಅನುಮತಿ ಕಾಲ್ನಡಿಗೆಯವರಿಗೆ. ಅದನ್ನು ತೋರಿಸಿ ಕುದುರೆ ಹತ್ತಿಸಬಹುದು ಎಂದುಕೊಳ್ಳಬೇಡಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ನೋಡಲು ಮಾಮೂಲಿ ಮರಗಳ ಗುಂಪಿನಂತೆಯೇ ಕಾಣುತ್ತವೆ. ಊರವರನ್ನು ಕೇಳದೆ ಅಂಥ ಕಡೆ ಕುದುರೆ ನುಗ್ಗಿಸಿದರೆ ನೋವಾಗುವುದು ಊರಿಗೆ.

ಹಾಗಾದರೆ ಸವಾರಿ ಎಲ್ಲಿ? ಒಪ್ಪಿಗೆ ಕೊಟ್ಟವರ ತೋಟದ ದಾರಿಗಳು, ವಾಹನ ಕಡಿಮೆಯಿರುವ ಊರ ರಸ್ತೆಗಳು, ಎಲ್ಲಕ್ಕಿಂತ ಮೇಲಾಗಿ ಕೊಯ್ಲಾದ ಗದ್ದೆಗಳು. ಜನವರಿಯಿಂದ ಮಾರ್ಚ್‌ವರೆಗೆ ಒಣಗಿ ಮಟ್ಟಸವಾಗಿ ಚಾಚಿಕೊಂಡಿರುವ ಗದ್ದೆ ಬಯಲಿಗಿಂತ ಒಳ್ಳೆಯ ಸವಾರಿಯ ನೆಲ ಕೊಡಗಿನಲ್ಲಿಲ್ಲ ಎನ್ನುವುದು ನನ್ನ ಎಣಿಕೆ. ಬದುಗಳನ್ನು ಮುರಿಯದೆ, ಗದ್ದೆಯವರನ್ನು ಕೇಳಿಕೊಂಡು ಹೋಗಬೇಕು. ಟಾರು ರಸ್ತೆಯ ಇಳಿಜಾರಿನಲ್ಲಿ ಲಾಳ ಜಾರುತ್ತದೆ, ಅಲ್ಲಿ ಇಳಿದು ಕುದುರೆಯನ್ನು ನಡೆಸಿಕೊಂಡು ಹೋಗುವುದೇ ಜಾಣತನ. ಎದುರಿನಿಂದ ವಾಹನ ಬಂದು ಕುದುರೆ ಗಾಬರಿಯಾಗುತ್ತಿದೆ ಎನಿಸಿದರೆ ಕೈ ಮಾಡಿ ನಿಲ್ಲಿಸಬಹುದು. ಪ್ರಾಣಿಯನ್ನು ನಡೆಸಿಕೊಂಡು ಹೋಗುವವರು ಹಾಗೆ ಕೇಳಿದಾಗ ಚಾಲಕ ವಾಹನ ನಿಲ್ಲಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 132ನೇ ಕಲಂ ಹೇಳುತ್ತದೆ. ವಾರಾಂತ್ಯದ ಪ್ರವಾಸಿ ಚಾಲಕರಿಗೆ ಇದು ಗೊತ್ತಿರುತ್ತದೆಂದು ಮಾತ್ರ ನಂಬಬೇಡಿ.

## ಲಾರಿಯಲ್ಲಿ ತರುವಾಗ

ಪ್ರಾಣಿ ಸಾಗಾಣಿಕೆಗೆ 1978ರ ಕೇಂದ್ರ ನಿಯಮಗಳಿವೆ, ಕುದುರೆಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು. ಗಾಡಿಯ ನೆಲ ಜಾರದಂತಿರಬೇಕು, ಕುದುರೆಗಳ ನಡುವೆ ಬಿದಿರಿನ ಅಡ್ಡಗಂಬ ಇರಬೇಕು, ನೋಡಿಕೊಳ್ಳುವವನೊಬ್ಬ ಗಾಡಿಯಲ್ಲೇ ಇರಬೇಕು. ಎದುರು ಬರುವ ವಾಹನಗಳಿಂದ ಬೆದರದಂತೆ ಕುದುರೆಯ ಮುಖ ಎಡಕ್ಕಿರಬೇಕು. ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಈ ಲೆಕ್ಕದಲ್ಲಿ ಮೈಸೂರಿನಿಂದ ಮಡಿಕೇರಿಗಿರುವ ಸುಮಾರು 120 ಕಿ.ಮೀ.ಗೆ ಮೂರೂವರೆ ತಾಸು. ಬೆಂಗಳೂರಿನಿಂದಾದರೆ ಏಳು ತಾಸಿಗೂ ಮಿಕ್ಕಿ. ಬೆಂಗಳೂರಿನವರು ಮೈಸೂರಿನಲ್ಲಿ ಒಂದು ರಾತ್ರಿ ಇಳಿಸಿ ಬರುವುದು ಒಳ್ಳೆಯದು.

ದಾರಿಯಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ, ಕುದುರೆ ತಲೆ ತಗ್ಗಿಸಲು ಬಿಡಬೇಕು. ತಲೆ ಎತ್ತಿ ಕಟ್ಟಿದಂತೆಯೇ ಬಹಳ ಹೊತ್ತು ನಿಂತರೆ ಮೂಗು ಗಂಟಲಿನ ಕೊಳೆ ಹೊರಗೆ ಬರದೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಬಂದ ದಿನ ಸವಾರಿ ಬೇಡ. ಹೋಂಸ್ಟೇಯವರು ಮೊದಲೇ ಹೇಳಬೇಕಾದದ್ದು ತೋಟದ ದಾರಿಯ ಸಂಗತಿ: ಲಾರಿ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ತಿರುಗಿಸಬಹುದು, ಅಲ್ಲಿಂದ ಮನೆಗೆ ಕುದುರೆ ಎಷ್ಟು ನಡೆಯಬೇಕು.

## ರೋಗ, ಕಾಗದ, ವೈದ್ಯರು

ಕುದುರೆಯಿಂದ ಮನುಷ್ಯರಿಗೂ ಅಂಟುವ ಕಾಯಿಲೆಗಳಲ್ಲಿ ಹೆದರಬೇಕಾದದ್ದು ಗ್ಲ್ಯಾಂಡರ್ಸ್. ಮೂಗಿನಿಂದ ದಪ್ಪ ಸ್ರಾವ, ಚರ್ಮದ ಮೇಲೆ ಗಂಟು, ಹುಣ್ಣು ಇದರ ಗುರುತು. ಬ್ಯಾಕ್ಟೀರಿಯಾದಿಂದ ಬರುವ ಇದಕ್ಕೆ ಲಸಿಕೆ ಇಲ್ಲ. ಖಚಿತವಾದರೆ ಕುದುರೆಗೆ ದಯಾಮರಣವೇ ಗತಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ ಇದು. ಆದ್ದರಿಂದ ‘ರಕ್ತಪರೀಕ್ಷೆ ಮಾಡಿಸಿದ್ದೀರಾ, ಕಾಗದ ಕಳಿಸಿ’ ಎಂದು ಕೇಳಲು ಸಂಕೋಚ ಬೇಡ. ಧನುರ್ವಾಯು ಲಸಿಕೆ ಹಾಕಿಸಿರುವುದನ್ನೂ ನೋಡಿಕೊಳ್ಳಿ. ಗಾಯವಾದ ಕುದುರೆಗೆ ಅದು ಬೇಗ ತಗಲುತ್ತದೆ. ಲದ್ದಿ ಎತ್ತುವ ಕೆಲಸದವರಿಗೂ ಟಿ.ಟಿ. ಇಂಜೆಕ್ಷನ್ ಆಗಿರಲಿ. ಮನೆಯಲ್ಲಿ ಮೊದಲೇ ಕುದುರೆ ಇದ್ದರೆ ಬಂದದ್ದನ್ನು ಬೇರೆಯಾಗಿ ನಿಲ್ಲಿಸಿ, ಬಕೆಟ್ ಹಂಚಿಕೊಳ್ಳಬೇಡಿ.

ಕೊಡಗಿನ ಪಶು ಆಸ್ಪತ್ರೆಗಳಿಗೆ ಹೆಚ್ಚಾಗಿ ಬರುವುದು ಹಸು, ಹಂದಿ, ನಾಯಿಗಳು. ಕುದುರೆಯ ಕಾಯಿಲೆಯಲ್ಲಿ ಪಳಗಿದವರು ರೇಸ್ ಕೋರ್ಸ್ ಇರುವ ಊರುಗಳಲ್ಲೇ ಹೆಚ್ಚು. ತಮ್ಮ ವೈದ್ಯರ ನಂಬರನ್ನು ಸವಾರರು ಮನೆಯವರಿಗೆ ಬರೆದುಕೊಡಬೇಕು. ಸ್ಥಳೀಯ ವೈದ್ಯರು ಬಂದಾಗ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡರೆ ಅರ್ಧ ಕೆಲಸ ಆದಂತೆ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸೆಗೆ 1962 ಸಹಾಯವಾಣಿ ಇದೆ.

## ಯಾರ ಕೆಲಸ ಯಾರದು

ಜಗಳ ಬರುವುದು ಇಲ್ಲಿ. ಹೊರದೇಶದ ಪದ್ಧತಿಯಲ್ಲಿ ಮನೆಯವರು ಕೊಡುವುದು ಸುರಕ್ಷಿತ ಜಾಗ, ನೀರು, ಹಾಸುಹುಲ್ಲು, ಲದ್ದಿ ಹಾಕಲು ಗುಂಡಿ, ಜೀನು-ಲಗಾಮು ಇಡಲು ಬೀಗವಿರುವ ಒಣ ಕೋಣೆ. ಮೇವು ಹಾಕುವುದು, ಮೈ ತಿಕ್ಕುವುದು, ಗೊರಸಿನ ಸಂದಿಯಲ್ಲಿ ಸಿಕ್ಕಿದ ಕಲ್ಲು ಕೆಸರು ತೆಗೆಯುವುದು, ಲಾಯ ಗುಡಿಸುವುದು ಸವಾರನ ಅಥವಾ ಕುದುರೆ ನೋಡಿಕೊಳ್ಳಲು ಅವನು ಕರೆತಂದ ಸಯೀಸನ ಪಾಲು. ಸಯೀಸ ಬಂದರೆ ಅವನಿಗೂ ಊಟ, ಹಾಸಿಗೆ ಬೇಕು. ಕುದುರೆ ಲಾಯದ ಮೂಲೆಯಲ್ಲಿ ಮಲಗಿಕೊಳ್ಳಲಿ ಎನ್ನುವುದು ಸಲ್ಲದು.

ಬಾಡಿಗೆಯನ್ನು ಕುದುರೆಗೆ ಇಷ್ಟು, ಒಂದು ರಾತ್ರಿಗೆ ಇಷ್ಟು ಎಂದು ಬೇರೆಯಾಗಿ ಹೇಳಿ. ಹಾಸುಹುಲ್ಲು ಸೇರಿದೆಯೋ ಇಲ್ಲವೋ ಎಂಬುದನ್ನೂ ಹೇಳಿ. ಕಿತ್ತ ಚಿಲಕ, ಮುರಿದ ಕಾಫಿ ಗಿಡಕ್ಕೆ ಯಾರು ಕೊಡಬೇಕು? ಕುದುರೆ ಬೇರೆ ಅತಿಥಿಯನ್ನು ಒದ್ದರೆ? ಕುದುರೆಯ ವಿಮೆ ಪ್ರಯಾಣಕ್ಕೂ ಪರಸ್ಥಳದ ವಾಸಕ್ಕೂ ಅನ್ವಯಿಸುತ್ತದೆಯೇ? ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮನಸ್ತಾಪ ತಪ್ಪುತ್ತದೆ. ಬೇರೆ ಅತಿಥಿಗಳ ಮಕ್ಕಳು ಲಾಯಕ್ಕೆ ಓಡಿಬರುವುದು ಖಂಡಿತ. ಕುದುರೆಗೆ ನೇರ ಹಿಂದೆ ನಿಂತವರು ಕಾಣುವುದಿಲ್ಲ, ಕಾಣದ್ದು ಅಲ್ಲಾಡಿದರೆ ಅದು ಒದೆಯುತ್ತದೆ. ಬಾಗಿಲಿಗೆ ಒಂದು ಹಗ್ಗ ಅಡ್ಡ ಕಟ್ಟಿಬಿಡಿ. ಲದ್ದಿಯ ಬಗ್ಗೆ ಮಾತ್ರ ಯಾರೂ ತಕರಾರು ಮಾಡುವುದಿಲ್ಲ. ಕೊಳೆಸಿದರೆ ಕಾಫಿ ಗಿಡಕ್ಕೆ ಒಳ್ಳೆಯ ಗೊಬ್ಬರ.

## ಯಾವ ತಿಂಗಳು, ಯಾವ ಕಡೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುದುರೆ ತರುವ ಯೋಚನೆಯನ್ನೇ ಬಿಡಬೇಕು. ಎಡೆಬಿಡದ ತೇವಕ್ಕೆ ಗೊರಸಿನ ಅಡಿ ಕೊಳೆತು ನಾರುತ್ತದೆ, ಬೆನ್ನಿನ ಚರ್ಮ ಹೊಪ್ಪಳೆ ಏಳುತ್ತದೆ, ಜಿಗಣೆ ಕಾಲಿಗಷ್ಟೇ ಅಲ್ಲ, ಮೇಯುವಾಗ ಮೂತಿಗೂ ಹತ್ತುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದದ್ದನ್ನು ಕಂಡ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಅರ್ಧ ಟನ್ ತೂಕದ ಪ್ರಾಣಿಯನ್ನು ಸಾಗಿಸುವ ಸಾಹಸ ಯಾರಿಗೂ ಬೇಡ. ನವೆಂಬರ್, ಡಿಸೆಂಬರ್‌ನಲ್ಲಿ ಹವೆ ಹಿತ, ಆದರೆ ಕಾಫಿ ಕುಯಿಲು ಶುರುವಾಗಿ ತೋಟದ ದಾರಿಯ ತುಂಬ ಟ್ರ್ಯಾಕ್ಟರ್, ಜನ, ಕಣದ ತುಂಬ ಕಾಫಿ. ಮಾಲೀಕರಿಗೆ ಅತಿಥಿಯ ಮುಖ ನೋಡಲೂ ಪುರುಸೊತ್ತಿರುವುದಿಲ್ಲ. ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಕಾಲವೇ ಸರಿ. ಏಪ್ರಿಲ್‌ಗೆ ಹಲವೆಡೆ ಬಾವಿ ತಳ ಕಾಣುತ್ತದೆ. ಎರಡು ಕುದುರೆಗೆ ದಿನಕ್ಕೆ ನೂರು ಲೀಟರ್ ನೀರು ತೆಗೆದಿಡಬಲ್ಲಿರಾ ಎಂದು ಲೆಕ್ಕ ಹಾಕಿಯೇ ಒಪ್ಪಿಕೊಳ್ಳಬೇಕು.

ಜಾಗದ ಮಟ್ಟಿಗೆ ಹೇಳುವುದಾದರೆ ಕುಶಾಲನಗರ, ಹೆಬ್ಬಾಲೆ, ಶಿರಂಗಾಲ, ಶನಿವಾರಸಂತೆ, ಕೊಡ್ಲಿಪೇಟೆಯ ಪೂರ್ವ ಅಂಚು ಅನುಕೂಲ. ಮಳೆ ಕಡಿಮೆ, ನೆಲ ಮಟ್ಟಸ, ಅದರಲ್ಲೂ ಕುಶಾಲನಗರದ ಕಡೆಯವರು ಮೈಸೂರಿನಿಂದ ಘಾಟಿ ಹತ್ತದೆ ತಲುಪಬಹುದು. ಭಾಗಮಂಡಲ, ಗಾಳಿಬೀಡು, ಸಂಪಾಜೆಯ ಕಡಿದಾದ ಪಶ್ಚಿಮದಲ್ಲಿ ಮನೆ ಎಷ್ಟೇ ಚೆಂದವಿದ್ದರೂ ಲಾರಿ ತಿರುಗಿಸಲು ಜಾಗವಿಲ್ಲದಿದ್ದರೆ ಒಪ್ಪಿಕೊಳ್ಳದಿರುವುದೇ ಮೇಲು. ಅಂಥ ಮನೆಯವರು ಸವಾರರಿಗೆ ಕೋಣೆ ಕೊಟ್ಟು, ಕುದುರೆಗಳನ್ನು ಕುಶಾಲನಗರದ ಕಡೆ ಲಾಯವಿರುವ ಪರಿಚಯದವರಲ್ಲಿ ಸಯೀಸನ ಜೊತೆ ನಿಲ್ಲಿಸುವ ಏರ್ಪಾಡು ಮಾಡಿಕೊಡಬಹುದು.